ಅಲುಗಾಡದ ಅಂಕಿ

ನಮ್ಮ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವುದಕ್ಕಿಂತ ಆ ಬಟ್ಟೆ ಒಗೆದಾಯಿತು ಎಂದು ಕಂಪ್ಯೂಟರಿಗೆ ಒಪ್ಪಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯತೊಡಗಿದಾಗ ಎಲ್ಲರೂ ತಿರುಗಿ ನೋಡಿದ್ದು ನನ್ನನ್ನು. ನಾನು ಅಲ್ಲಿಯ ಡೇಟಾಬೇಸ್ ನೋಡಿಕೊಳ್ಳುವವಳು.

ಲಾಂಡ್ರಿ ಎಂದರೆ ಬೀದಿ ಮೂಲೆಯ ಅಂಗಡಿಯಲ್ಲ. ಆಸ್ಪತ್ರೆಗಳ ಹಾಸಿಗೆ ಹೊದಿಕೆ, ಹೋಟೆಲುಗಳ ಟವೆಲು, ಅರ್ಧ ಊರಿನ ಅಂಗಿ ಪ್ಯಾಂಟು ಎಲ್ಲ ಇಲ್ಲಿಗೇ ಬರುತ್ತವೆ. ಪ್ರತಿ ಬಟ್ಟೆಯ ಒಳಮೈಗೂ ಉಗುರಗಲದ ಗುರುತಿನ ಪಟ್ಟಿ ಹೊಲಿದಿರುತ್ತದೆ. ಬಾಗಿಲಲ್ಲಿ, ಒಗೆಯುವ ಯಂತ್ರದ ಮುಂದೆ, ಒಣಗಿಸುವ ಡಬ್ಬದ ಮುಂದೆ, ಇಸ್ತ್ರಿ ಮೇಜಿನಲ್ಲಿ, ಚೀಲಕ್ಕೆ ತುಂಬುವಲ್ಲಿ, ಹೀಗೆ ಹೋದ ಕಡೆಯಲ್ಲೆಲ್ಲ ಆ ಪಟ್ಟಿಯನ್ನು ಸ್ಕ್ಯಾನರಿಗೆ ತೋರಿಸಬೇಕು. ‘ಟಿಂಯ್’ ಎಂದರೆ ಬಟ್ಟೆ ಮುಂದಕ್ಕೆ ಹೋಗಬಹುದು ಎಂದರ್ಥ. ಆ ‘ಟಿಂಯ್’ ಹೇಳಬೇಕಾದದ್ದು ನನ್ನ ಡೇಟಾಬೇಸು. ಇತ್ತೀಚೆಗೆ ಅದು ‘ಟಿಂ...’ ಎಂದು ಬಾಯಿ ತೆರೆದು, ಎದುರಿನವರು ಒಮ್ಮೆ ಆಕಳಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, ಪಕ್ಕದವರ ಸಂಸಾರ ವಿಚಾರಿಸಿದ ಮೇಲೆ ‘...ಯ್’ ಎನ್ನುತ್ತಿತ್ತು.

ಕಾರಣಗಳು ಧಾರಾಳವಾಗಿ ಸಿಕ್ಕಿದವು. ಸ್ಕ್ಯಾನರು ಹಳೆಯದು ಎಂದು ಹೊಸ ಸ್ಕ್ಯಾನರು ತಂದರು. ಕೇಬಲ್ಲು ಉದ್ದವಾಯಿತು ಎಂದು ಮೇಜುಗಳನ್ನೇ ಗೋಡೆಯ ಹತ್ತಿರ ಎಳೆದರು. ಡೇಟಾಬೇಸ್ ಇರುವ ಸರ್ವರ್ ಯಂತ್ರಕ್ಕೆ ಸೆಕೆಯಾಗುತ್ತಿದೆ ಎಂದು ಅದರ ಮುಂದೊಂದು ಫ್ಯಾನು ಇಟ್ಟರು. ಆಮೇಲೆ ಇಸ್ತ್ರಿ ವಿಭಾಗದವರು ಊಟಕ್ಕೆ ಬಂದು ಅದರ ಮುಂದೆ ಕೂರತೊಡಗಿದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂದು ಹಿರಿಯರು ಹೇಳಿದ್ದು ನಮ್ಮ ಆಫೀಸು ನೋಡಿಯೇ ಇರಬೇಕು. ಎಲ್ಲ ಬರೆ ಎಳೆದು ಮುಗಿದ ಮೇಲೆ ಜನರಲ್ ಮ್ಯಾನೇಜರರು ತೀರ್ಪು ಕೊಟ್ಟರು.

“ಇದು ಓಪನ್ ಸೋರ್ಸ್ ಅಲ್ವೇನಮ್ಮ? ಬಿಟ್ಟಿ ಸಿಕ್ಕಿದ್ದು. ದುಡ್ಡು ಕೊಟ್ಟು ತಗೊಂಡಿದ್ರೆ ಯಾರದಾದ್ರೂ ಕುತ್ತಿಗೆ ಹಿಡೀಬಹುದಿತ್ತು. ಈಗ ಯಾರ ಕುತ್ತಿಗೆ ಹಿಡಿಯೋದು?”

“ಸದ್ಯಕ್ಕೆ ನನ್ನದು ಇದೆಯಲ್ಲ ಸರ್.”

“ಅದೂ ಸರಿ,” ಎಂದರು ಅವರು, ಸಮಾಧಾನವಾದವರಂತೆ.

ಆ ಕುತ್ತಿಗೆಯನ್ನೇ ಮುಂದೆ ಮಾಡಿಕೊಂಡು ಸೋಮವಾರ ಬೆಳಿಗ್ಗೆ ಅವರ ಕೋಣೆಗೆ ಹೋದೆ. ನನಗೆ ಗುರುವಾರದಿಂದ ರಜೆ ಬೇಕಿತ್ತು. ನನ್ನ ಮಗಳ ಎಡಗಣ್ಣು ಹುಟ್ಟಿದಾಗಿನಿಂದ ಮೂಗಿನ ಕಡೆಗೆ ವಾಲಿದೆ. ಈಗೀಗ ಆ ಕಣ್ಣು ನೋಡುವ ಕೆಲಸವನ್ನೇ ಬಿಟ್ಟು ಬಲಗಣ್ಣಿನ ಮೇಲೆ ಭಾರ ಹಾಕಿ ಕೂತಿದೆ. ಇನ್ನೂ ತಡ ಮಾಡಿದರೆ ಅದು ನೋಡುವುದನ್ನೇ ಮರೆತುಬಿಡುತ್ತದೆ, ಆಮೇಲೆ ನೆಟ್ಟಗೆ ಮಾಡಿದರೂ ಬರೀ ಅಂದಕ್ಕಷ್ಟೇ ಎಂದು ಡಾಕ್ಟರು ಹೇಳಿದ್ದರು. ಎರಡು ಸಲ ಆಪರೇಷನ್ನಿನ ದಿನ ಗೊತ್ತಾಗಿ, ಎರಡು ಸಲವೂ ನಮ್ಮ ಸ್ಕ್ಯಾನರು ನಿಂತು, ನಾನು ಹೋಗಲಾಗದೆ ತಪ್ಪಿತ್ತು. ಮಗಳ ಅಪ್ಪ ಹಡಗಿನಲ್ಲಿ ಅಡುಗೆ ಮಾಡುವವರು. ಅವರಿದ್ದ ಕಡೆ ಭೂಮಿಯೇ ಇಲ್ಲ. ಅತ್ತೆ ಕರೆದುಕೊಂಡು ಹೋಗುತ್ತೇನೆ ಎಂದರೆ ಮಗಳು ಒಪ್ಪುವುದಿಲ್ಲ.

“ಅಜ್ಜಿ ಬೇಡ. ಅಜ್ಜಿ ಡಾಕ್ಟರಿಗೇ ಬೈತಾಳೆ. ಆಮೇಲೆ ಅವ್ರು ಸಿಟ್ಟಲ್ಲಿ ನನ್ನ ಕಣ್ಣು ಕೊಯ್ತಾರೆ.”

ಇದನ್ನು ಅತ್ತೆ ಕೂಡ ಅಲ್ಲಗಳೆಯಲಿಲ್ಲ. ಈ ಸಲ ತಪ್ಪಿದರೆ ಮುಂದಿನ ಸರದಿ ಬರುವುದು ಮುಂದಿನ ವರ್ಷ ಎಂದು ಆಸ್ಪತ್ರೆಯ ಕೌಂಟರಿನವಳು ಮುಖಕ್ಕೆ ಹೊಡೆದಂತೆ ಹೇಳಿದ್ದಳು.

“ಗುರುವಾರ ಮಗಳ ಕಣ್ಣಿನ ಆಪರೇಷನ್ನು, ಸರ್.”

“ಮತ್ತೆ ಇನ್ನೊಂದಾ?”

“ಇನ್ನೊಂದಲ್ಲ ಸರ್, ಅದೇ. ಎರಡು ಸಲ ಮುಂದಕ್ಕೆ ಹೋಗಿದ್ದು.”

“ಎರಡು ಸಲ ಮುಂದಕ್ಕೆ ಹೋಯ್ತು ಅಂದ್ರೆ ಅಷ್ಟೇನೂ ಅರ್ಜೆಂಟಿಲ್ಲ ಅಂತಾಯ್ತಲ್ಲಮ್ಮ.” ಅವರಿಗೆ ತಮ್ಮ ತರ್ಕದ ಬಗ್ಗೆ ತಮಗೇ ಪ್ರೀತಿ. ಆಮೇಲೆ ಕನಿಕರ ಬಂದಿರಬೇಕು. “ನೋಡು, ನಾನೇನು ಕಟುಕ ಅಲ್ಲ. ಡೇಟಾಬೇಸ್ ಸರಿ ಮಾಡು, ಧಾರಾಳವಾಗಿ ಹೋಗು. ಸರಿ ಆಯ್ತು ಅನ್ನೋದಕ್ಕೆ ಒಂದು ಪರೀಕ್ಷೆ ಇದೆ, ಬಾ.”

ಪರೀಕ್ಷೆ ಅವರ ಕರವಸ್ತ್ರ. ಅದಕ್ಕೂ ಪಟ್ಟಿ ಹೊಲಿಸಿದ್ದರು. ಕೆಳಗಿನ ಅಂಗಳಕ್ಕೆ ಇಳಿದು ಅದನ್ನು ಸ್ಕ್ಯಾನರಿನ ಕೆಳಗೆ ಹಿಡಿದು “ಒಂದು... ಎರಡು...” ಎಂದು ಗಟ್ಟಿಯಾಗಿ ಎಣಿಸಿದರು. ಅವರು ಒಂಬತ್ತಕ್ಕೆ ಬಂದಾಗ ‘ಟಿಂಯ್’ ಎಂದಿತು. ಇಸ್ತ್ರಿ ಮೇಜುಗಳ ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ ಇಸ್ತ್ರಿ ಅಕ್ಕ, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

“ಸಾಹೇಬ್ರು ಬಂದಿದ್ದಕ್ಕೆ ಬೇಗ ಅಂತು,” ಎಂದಳು. “ನಮಗಾದ್ರೆ ಹದಿನೈದು.”

“ನಾನು ‘ಒಂದು’ ಅನ್ನೋದ್ರೊಳಗೆ ಅನ್ಬೇಕು,” ಎಂದರು ಮ್ಯಾನೇಜರರು ನನಗೆ. “ಅವತ್ತು ನಿನಗೆ ರಜ.”

ನಾನು ಮೇಜಿಗೆ ಬಂದು ಕೂತೆ. ಇಷ್ಟು ತಿಂಗಳಿಂದ ಮಾಡಿದ್ದೆಲ್ಲವನ್ನೂ ಮತ್ತೆ ನೋಡಿದೆ. ಮೆಮೊರಿ ಹೆಚ್ಚಿಸಿದ್ದೆ. ಹುಡುಕಲು ಸುಲಭವಾಗಲೆಂದು ಸೂಚಿಗಳನ್ನು ಸೇರಿಸಿದ್ದೆ, ಅವುಗಳಿಂದಲೇ ಭಾರವಾಯಿತೇನೋ ಎಂದು ತೆಗೆದಿದ್ದೆ. ಗುಡಿಸುವವನನ್ನು ಹೆಚ್ಚು ಸಲ ಬರುವಂತೆ ಮಾಡಿದ್ದೆ.

ಈ ಗುಡಿಸುವವನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಡೇಟಾಬೇಸಿಗೆ ಒಂದು ಸ್ವಭಾವ. ಒಂದು ಬಟ್ಟೆ ‘ಒಗೆಯುತ್ತಿದೆ’ಯಿಂದ ‘ಒಣಗುತ್ತಿದೆ’ಗೆ ಬದಲಾದರೆ ಅದು ಹಳೆಯ ಸಾಲನ್ನು ಅಳಿಸುವುದಿಲ್ಲ. ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸ ಸಾಲು ಬರೆಯುತ್ತದೆ. ಹಿಂದಿನಿಂದ ಒಬ್ಬ ಗುಡಿಸುವವ ಬರುತ್ತಾನೆ. ಮನುಷ್ಯನಲ್ಲ, ಒಳಗಿನದೇ ಒಂದು ಪ್ರೋಗ್ರಾಂ. ಸತ್ತ ಸಾಲುಗಳನ್ನೆಲ್ಲ ಗುಡಿಸಿ ಜಾಗ ಮಾಡಿಕೊಡುತ್ತಾನೆ. ಆದರೆ ಅವನು ಬಲು ಮರ್ಯಾದಸ್ಥ. ಹಳೆಯ ಸಾಲನ್ನು ಇನ್ನೂ ಯಾರಾದರೂ ನೋಡುತ್ತಿರಬಹುದು ಎಂಬ ಸಣ್ಣ ಅನುಮಾನವಿದ್ದರೂ ಮುಟ್ಟುವುದಿಲ್ಲ. ಊಟಕ್ಕೆ ಕೂತವರು ಏಳುವ ತನಕ ನೆಲ ಒರೆಸದ ಸೊಸೆಯ ಹಾಗೆ. ನಾನು ಕರೆದಾಗೆಲ್ಲ ಬರುತ್ತಿದ್ದ, ಪೊರಕೆ ಹಿಡಿದು ನಿಲ್ಲುತ್ತಿದ್ದ, ಒಂದು ಕಡ್ಡಿಯನ್ನೂ ಎತ್ತದೆ ಹೋಗುತ್ತಿದ್ದ. ಒಂದು ಜೀವಂತ ಸಾಲಿನ ಸುತ್ತ ನೂರಾರು ಹೆಣ ಬಿದ್ದಿದ್ದವು. ಸ್ಕ್ಯಾನರು ಕೇಳಿದಾಗೆಲ್ಲ ಡೇಟಾಬೇಸು ಆ ಹೆಣಗಳನ್ನು ದಾಟಿಕೊಂಡು ಬರಬೇಕಾಗಿತ್ತು.

ಹಾಗಾದರೆ ಊಟಕ್ಕೆ ಕೂತು ಏಳದವರು ಯಾರು? ಇಷ್ಟು ದಿನ ನಾನು ಹುಡುಕಿದ್ದು ಗದ್ದಲ ಮಾಡುವವರನ್ನು, ದೊಡ್ಡ ದೊಡ್ಡ ವರದಿ ಕೇಳಿ ಯಂತ್ರವನ್ನು ಸುಸ್ತು ಮಾಡುವವರನ್ನು. ಸೋಮವಾರ ಮೊದಲ ಸಲ ಸುಮ್ಮನೆ ಮಲಗಿದವರ ಪಟ್ಟಿ ತೆಗೆದೆ. ಒಂದೇ ಒಂದು ಇತ್ತು. ಡೇಟಾಬೇಸಿನೊಳಗೆ ನೋಡಲು ಯಾರೋ ಮೂರು ತಿಂಗಳ ಹಿಂದೆ ತೆರೆದ ಕಿಟಕಿ, ಇಂದಿಗೂ ಮುಚ್ಚಿಲ್ಲ. ದಿನಕ್ಕೊಮ್ಮೆ ಬೆಳಿಗ್ಗೆ ಕಣ್ಣುಬಿಟ್ಟು ಒಂದೇ ಪ್ರಶ್ನೆ ಕೇಳಿ ಮತ್ತೆ ಮಲಗುತ್ತಿತ್ತು. ಅದು ಬಂದ ಕಂಪ್ಯೂಟರು ಯಾವುದು ಎಂದು ನೋಡಿದೆ. ಜನರಲ್ ಮ್ಯಾನೇಜರರದು.

ನನ್ನ ಕಡೆಯಿಂದಲೇ ಅದನ್ನು ಮುಚ್ಚಬಹುದಿತ್ತು, ಒಂದು ಸಾಲು ಬರೆದರೆ ಸಾಕು. ಆದರೆ ಹಿಂದೊಮ್ಮೆ ಅವರ ಮೇಜಿನ ಧೂಳು ಹೊಡೆಯಲು ಹೋಗಿ ಅವರ ಕಂಪ್ಯೂಟರು ಆರಿಸಿದ ಹುಡುಗಿಯನ್ನು ಕಾಲುಚೀಲ ಜೋಡಿ ಮಾಡುವ ವಿಭಾಗಕ್ಕೆ ಹಾಕಿದ್ದರು. ಅಲ್ಲಿಗೆ ಹೋದವರು ಯಾರೂ ಜೋಡಿ ಮುಗಿಸಿ ವಾಪಸು ಬಂದದ್ದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಗುರುವಾರ ರಜೆಯೂ ಸಿಗಬೇಕು. ಕೈಗೆ ಸಿಕ್ಕ ಒಂದು ಕಾಗದ ಹಿಡಿದುಕೊಂಡು ಮತ್ತೆ ಅವರ ಕೋಣೆಗೆ ಹೋದೆ.

“ಸರ್, ನಿಮ್ಮ ಕಂಪ್ಯೂಟರಲ್ಲಿ ಡೇಟಾಬೇಸಿನ ಒಂದು ಕಿಟಕಿ ತೆರೆದಿದೆ.”

ಅವರ ಮುಖ ಅರಳಿತು. “ನೋಡಿದ್ಯಾ! ಬಾ ಬಾ, ಈ ಕಡೆ ನಿಂತ್ಕೊ, ಬೆಳಕು ಬೀಳುತ್ತೆ.”

ಪರದೆಯ ನಡುವೆ, ಅವರೇ ದೊಡ್ಡದು ಮಾಡಿಸಿಕೊಂಡ ಅಕ್ಷರದಲ್ಲಿ, ‘ಕಳೆದುಹೋದ ಬಟ್ಟೆ: 17’ ಎಂದಿತ್ತು.

“ಮುಂಚೆ ಈ ಅಂಕಿ ಮಂಗನ ಹಾಗೆ ಕುಣೀತಿತ್ತಮ್ಮ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮೀಟಿಂಗಲ್ಲಿ ನಾನು ಹದಿನೇಳು ಅಂದ್ರೆ ಅಕೌಂಟೆಂಟು ಹತ್ತೊಂಬತ್ತು ಅನ್ನೋನು. ಯಜಮಾನರ ಮುಂದೆ ಮರ್ಯಾದೆ ಉಳಿಯುತ್ತಾ? ಆಗ ಟ್ಯೂನಿಂಗ್ ಪಂಡಿತ ಬಂದಿದ್ದನಲ್ಲ, ಅವನಿಗೆ ಹೇಳಿದೆ.”

ಟ್ಯೂನಿಂಗ್ ಪಂಡಿತ ಎಂದರೆ ವರ್ಷಕ್ಕೊಮ್ಮೆ ಡೇಟಾಬೇಸಿನ ಆರೋಗ್ಯ ನೋಡಲು ಹೊರಗಿನಿಂದ ಕರೆಸುವ ಸಲಹೆಗಾರ. ಸರ್ವರಿನ ಮೇಲೆ ಅಂಗೈಯಿಟ್ಟು ನಾಡಿ ನೋಡುವವನಂತೆ ಕಣ್ಣು ಮುಚ್ಚುತ್ತಿದ್ದ. ಅರ್ಧ ದಿನವಿದ್ದು, ಯಾವುದೋ ಬೇರೆ ಕಂಪನಿಗೆ ಬರೆದುಕೊಟ್ಟ ಔಷಧವನ್ನೇ ನಮಗೂ ಬರೆದುಕೊಟ್ಟು ಹೋಗಿದ್ದ.

“ಅವನು ಎರಡು ಸಾಲು ಹೇಳಿಕೊಟ್ಟ. ಮೊದಲು ಇದನ್ನ ಹೊಡೀರಿ, ಆಮೇಲೆ ನೀವು ನೋಡ್ತಿರೋ ತನಕ ಅಂಕಿ ಅಲುಗಾಡಲ್ಲ ಅಂದ. ನೋಡಿ ಆದ್ಮೇಲೆ ಏನೋ ಮಾಡಿ ಅಂತಿದ್ದ, ಅಷ್ಟರಲ್ಲಿ ಯಜಮಾನರ ಫೋನ್ ಬಂತು.” ಅವರು ಕುರ್ಚಿಗೆ ಒರಗಿದರು. “ಅವತ್ತಿಂದ ಇವತ್ತಿನ ತನಕ, ದಿನಾ ಬೆಳಿಗ್ಗೆ ಬಂದು ಒತ್ತೀನಿ, ಹದಿನೇಳು. ಒಂದು ಕರವಸ್ತ್ರ ಹೆಚ್ಚು ಕಳೆದಿಲ್ಲ. ಮೇಲಿರೋನು ಕಣ್ಣಿಟ್ಟು ನೋಡ್ತಿದ್ರೆ ಕೆಳಗಿನೋರು ನೆಟ್ಟಗಿರ್ತಾರೆ, ಅಷ್ಟೇ ಇದರ ಗುಟ್ಟು. ಯಜಮಾನರು ಮೊನ್ನೆ ಬೆನ್ನು ತಟ್ಟಿದ್ರು.”

ನಿಜ ಏನೆಂದರೆ ಆ ಎರಡು ಸಾಲು ಡೇಟಾಬೇಸಿಗೆ ‘ಈ ಗಳಿಗೆಯಲ್ಲಿ ಲೋಕ ಹೇಗಿದೆಯೋ ಹಾಗೇ ನನಗೆ ತೋರಿಸುತ್ತಿರು’ ಎಂದು ಹೇಳುತ್ತವೆ. ಲೋಕ ಮುಂದೆ ಹೋಗುತ್ತದೆ, ಕಿಟಕಿಯಲ್ಲಿ ಮಾತ್ರ ಅದೇ ಗಳಿಗೆ. ಮೂರು ತಿಂಗಳಿಂದ ಮ್ಯಾನೇಜರರು ಮೂರು ತಿಂಗಳ ಹಿಂದಿನ ಲಾಂಡ್ರಿಯನ್ನು ನೋಡುತ್ತ ಕೂತಿದ್ದರು. ಅವರು ನೋಡುತ್ತಿದ್ದಾರೆಂದು ಗುಡಿಸುವವ ಆಗಿನಿಂದ ಒಂದು ಸಾಲನ್ನೂ ಗುಡಿಸಿರಲಿಲ್ಲ. ಗುಡಿಸದ್ದಕ್ಕೆ ಸ್ಕ್ಯಾನರು ನಿಧಾನ. ಸ್ಕ್ಯಾನರು ನಿಧಾನವಾದದ್ದಕ್ಕೆ ಕೆಳಗಿನವರು ಬೇಸತ್ತು ಅರ್ಧ ಬಟ್ಟೆಗಳನ್ನು ತೋರಿಸದೆಯೇ ಮುಂದಕ್ಕೆ ಎಸೆಯುತ್ತಿದ್ದರು. ತೋರಿಸದ ಬಟ್ಟೆ ಲೆಕ್ಕದಲ್ಲಿ ಕಳೆದುಹೋದ ಬಟ್ಟೆ. ಹೀಗೆ ಬಟ್ಟೆ ಕಳೆಯಬಾರದೆಂದು ಇವರು ನೋಡುತ್ತಿದ್ದುದರಿಂದಲೇ ಬಟ್ಟೆ ಕಳೆಯುತ್ತಿತ್ತು. ಅವತ್ತಿನ ನಿಜವಾದ ಅಂಕಿ ಹದಿನೇಳರ ಮುಂದೆ ಒಂದು ಸೊನ್ನೆ ಹಾಕಿದರೂ ಸಾಲದಷ್ಟಿತ್ತು.

ಇದನ್ನೆಲ್ಲ ಆದಷ್ಟು ಮೆತ್ತಗೆ, ಅವರನ್ನು ಬಿಟ್ಟು ಬೇರೆ ಎಲ್ಲರ ಮೇಲೂ ತಪ್ಪು ಹಾಕಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

“ಅಂದ್ರೆ ಈ ಕಿಟಕಿಯಲ್ಲಿ ಕಾಣೋದು ತಪ್ಪು ಅಂತೀಯ.”

“ತಪ್ಪಲ್ಲ ಸರ್. ಹಳೇದು.”

“ಹಳೇದು ತಪ್ಪಾಗುತ್ತೇನಮ್ಮ? ನಿಮ್ಮತ್ತೆ ಹಳಬರು, ತಪ್ಪಾ?”

ಈ ಪ್ರಶ್ನೆಗೆ ಉತ್ತರ ಹೇಳುವಷ್ಟು ಧೈರ್ಯ ನನಗೆ ಮನೆಯಲ್ಲೂ ಇಲ್ಲ.

“ನನಗೆ ಅರ್ಥವಾಯ್ತು,” ಎಂದರು ಅವರು ಮೇಜು ತಟ್ಟಿ. “ಸಮಸ್ಯೆ ಏನಂದ್ರೆ ನನ್ನ ಕಿಟಕಿಯಲ್ಲಿ ಒಂದು ಅಂಕಿ, ಮಿಕ್ಕವರ ಕಿಟಕಿಯಲ್ಲಿ ಒಂದು ಅಂಕಿ. ಅದಕ್ಕೇ ಡೇಟಾಬೇಸಿಗೆ ಗೊಂದಲ. ಎಲ್ಲಾ ವಿಭಾಗದ ಮುಖ್ಯಸ್ಥರಿಗೂ ಇದೇ ಥರದ ಕಿಟಕಿ ಕೊಟ್ಟುಬಿಡು. ಶಿಸ್ತು ಬರುತ್ತೆ.”

ಕಂಕುಳಲ್ಲಿರುವ ಕೂಸನ್ನು ತೋರಿಸಲು ಹೋಗಿ ಊರಿಗೆಲ್ಲ ಒಂದೊಂದು ಕೂಸು ಹಂಚುವ ಕೆಲಸ ಹಚ್ಚಿಸಿಕೊಂಡು ಬಂದೆ. ನಾನು ಹಂಚಲಿಲ್ಲ. ಅದಕ್ಕೆ ನನ್ನ ಅಗತ್ಯವೂ ಇರಲಿಲ್ಲ. ಆ ಎರಡು ಸಾಲುಗಳನ್ನು ಮ್ಯಾನೇಜರರೇ ಎಲ್ಲರ ಫೋನಿಗೂ ಕಳಿಸಿದರು, ಕೆಳಗೊಂದು ಕೈಮುಗಿಯುವ ಚಿತ್ರ ಹಾಕಿ.

ಮಂಗಳವಾರ ನಾನು ಕಂಡದ್ದನ್ನು ಯಾವ ಕಂಪನಿಯ ಯಾವ ಡೇಟಾಬೇಸ್ ಕೆಲಸದವರೂ ಕಂಡಿರಲಾರರು. ಅಕೌಂಟೆಂಟು ಬುದ್ಧಿವಂತ. ಅವನು ತಕ್ಷಣ ಕಿಟಕಿ ತೆರೆಯಲಿಲ್ಲ. ಬಾಕಿ ಉಳಿದ ಬಿಲ್ಲುಗಳ ಅಂಕಿ ಏರುವುದು ಇಳಿಯುವುದು ನೋಡುತ್ತ, ಕೀಲಿಯ ಮೇಲೆ ಬೆರಳಿಟ್ಟು, ಕೊಕ್ಕರೆ ಮೀನಿಗೆ ಕಾದಂತೆ ಕಾದ. ಮಧ್ಯಾಹ್ನ ಒಂದು ಹೋಟೆಲಿನವರು ಕಟ್ಟಿದ ಕೂಡಲೇ, ಅಂಕಿ ಕೆಳಗಿಳಿದ ಆ ಗಳಿಗೆಯಲ್ಲಿ ಟಪ್ ಎಂದು ಒತ್ತಿ, “ಹಿಡಿದೆ!” ಎಂದು ಕೂಗಿದ. ವ್ಯಾನುಗಳ ಮೇಲ್ವಿಚಾರಕ ತನ್ನ ಎಲ್ಲ ವ್ಯಾನುಗಳೂ ಹೊರಟ ನಿಮಿಷವನ್ನು ಹಿಡಿದ. ಆಮೇಲೆ ಎರಡು ವ್ಯಾನು ಕೆಟ್ಟು ಗೇಟಿನಲ್ಲೇ ನಿಂತಿದ್ದರೂ ಅವನ ಕಿಟಕಿಯಲ್ಲಿ ಓಡುತ್ತಲೇ ಇದ್ದವು. ಸಿಬ್ಬಂದಿ ವಿಭಾಗದಾಕೆ ಎಲ್ಲರೂ ಸಮಯಕ್ಕೆ ಬಂದ ಒಂದು ಬೆಳಿಗ್ಗೆಗಾಗಿ ಇನ್ನೂ ಕಾಯುತ್ತಿದ್ದಳು, ಪಾಪ.

ಸಂಜೆ ಮನೆಗೆ ಬಂದಾಗ ಅತ್ತೆ ಆಸ್ಪತ್ರೆಯ ಚೀಲ ಕಟ್ಟುತ್ತಿದ್ದರು. ಮಗಳು ಅದರೊಳಗಿನಿಂದ ತನ್ನ ಬಟ್ಟೆ ತೆಗೆದು ಹೊರಗಿಡುತ್ತಿದ್ದಳು.

“ಇದೇನೇ?”

“ನೀನು ಬರ್ತೀಯ ಅಂತ ಗ್ಯಾರಂಟಿ ಆದ್ಮೇಲೆ ಹಾಕ್ತೀನಿ.”

“ಬರ್ತೀನಿ ಅಂದೆನಲ್ಲ.”

“ಹೋದ ಸಲಾನೂ ಅಂದಿದ್ದೆ.” ಬಲಗಣ್ಣು ನನ್ನನ್ನು ನೋಡುತ್ತಿತ್ತು, ಎಡಗಣ್ಣು ಮೂಗನ್ನು. “ಅದ್ರ ಹಿಂದಿನ ಸಲಾನೂ.”

“ನಿಮ್ಮಮ್ಮನ ಆಫೀಸಿಗೆ ನಾನು ಹೋಗಿ ಎರಡು ಮಾತಾಡ್ಲಾ?” ಎಂದರು ಅತ್ತೆ.

“ಬೇಡ!” ಎಂದೆವು ನಾವಿಬ್ಬರೂ ಒಟ್ಟಿಗೆ.

ಬುಧವಾರ ಹೊತ್ತೇರುವ ಮೊದಲೇ ಕೆಳಗಿನ ಅಂಗಳದಲ್ಲಿ ಕೆಲಸ ನಿಂತಿತು. ಡಿಸ್ಕು ತುಂಬುತ್ತ ಬಂದಿತ್ತು. ಸ್ಕ್ಯಾನರು ‘ಟಿಂ’ ಎಂದೂ ಅನ್ನುತ್ತಿರಲಿಲ್ಲ. ಆಸ್ಪತ್ರೆಗಳ ಹೊದಿಕೆಗಳು ಒಗೆದು ಒಣಗಿ ಇಸ್ತ್ರಿಯಾಗಿ ಗುಡ್ಡದಂತೆ ಬಿದ್ದಿದ್ದವು. ಕಂಪ್ಯೂಟರಿನ ಪ್ರಕಾರ ಅವಿನ್ನೂ ಬಾಗಿಲಿಗೇ ಬಂದಿರಲಿಲ್ಲ. ಇಸ್ತ್ರಿ ಅಕ್ಕ ಮೆಟ್ಟಿಲು ಹತ್ತಿ ನನ್ನ ಮೇಜಿನ ಮುಂದೆ ನಿಂತಳು.

“ಏನೇ, ನಿನ್ನ ಯಂತ್ರ ಸತ್ತಿದ್ಯೋ ಬದುಕಿದ್ಯೋ? ಆಸ್ಪತ್ರೆಯೋರು ಫೋನಲ್ಲಿ ಬಾಯಿಗೆ ಬಂದಂಗೆ ಬೈತವ್ರೆ. ರೋಗಿಗಳನ್ನ ಬರೀ ಹಾಸಿಗೆ ಮೇಲೆ ಮಲಗಿಸಬೇಕಾ ಅಂತ.”

ನಾಳೆ ಅಂಥದೇ ಒಂದು ಹಾಸಿಗೆಯ ಮೇಲೆ ಯಾರು ಮಲಗಬೇಕು ಎಂಬುದು ನನಗೆ ಗೊತ್ತಿತ್ತು.

“ಅಕ್ಕ, ಒಂದು ಗಂಟೆ ಯಾರೂ ಏನೂ ಸ್ಕ್ಯಾನ್ ಮಾಡದೆ ಬಿಟ್ರೆ ಪೂರ್ತಿ ಸರಿ ಮಾಡ್ತೀನಿ. ಆದ್ರೆ ಮೊದಲು ಮೇಲಿನವರ ಕಿಟಕಿ ಮುಚ್ಚಿಸಬೇಕು.”

“ಒಂದು ಗಂಟೆ ಏನು, ಎರಡು ತಗೊ. ಹೆಂಗೂ ಎಲ್ಲಾ ಫ್ಯಾನ್ ಮುಂದೆ ಕೂತವ್ರೆ. ಕಿಟಕಿ ಮುಚ್ಚೋದಕ್ಕೆ ಬೇಕಾದ್ರೆ ನಾನು ಇಸ್ತ್ರಿಪೆಟ್ಟಿಗೆ ತರ್ತೀನಿ.”

ಇಸ್ತ್ರಿಪೆಟ್ಟಿಗೆಯಿಲ್ಲದೆ ಮ್ಯಾನೇಜರರ ಕೋಣೆಗೆ ಹೋದೆ. ಅವರು ಬೆವರುತ್ತಿದ್ದರು. ಯಜಮಾನರು ಗುರುವಾರ ಖುದ್ದಾಗಿ ಬರುತ್ತಾರಂತೆ. ಪರದೆಯಲ್ಲಿ ಹದಿನೇಳು ಹಾಗೇ ಕೂತಿತ್ತು, ಲೋಕಕ್ಕೂ ತನಗೂ ಸಂಬಂಧವಿಲ್ಲದಂತೆ.

“ಕಿಟಕಿ ಮುಚ್ಚು ಅಂತ ಮಾತ್ರ ಹೇಳ್ಬೇಡ,” ಎಂದರು ನಾನು ಬಾಯಿ ತೆರೆಯುವ ಮೊದಲೇ. “ನಾಳೆ ಯಜಮಾನರು ಬರ್ತಾರೆ. ಅವರಿಗೆ ನಾನು ಹದಿನೇಳು ಅಂತ ಮಾತು ಕೊಟ್ಟಿದ್ದೀನಿ.”

ನಿಜ ಹೇಳಿ ಒಮ್ಮೆ ನೋಡಿಯಾಗಿತ್ತು. ಅದರ ಫಲ ಮೂರು ಕಿಟಕಿ. ಗೋಡೆಯ ಮೇಲೆ ಅವರಿಗೆ ಯಾವಾಗಲೋ ಸಿಕ್ಕ ಪ್ರಶಸ್ತಿ ಪತ್ರವೊಂದು ಗಾಜಿನ ಚೌಕಟ್ಟಿನೊಳಗೆ ನೇತಾಡುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ.

“ಸರ್, ನಿಮಗೆ ಬೇಕಾಗಿರೋದು ಅಂಕಿ ಅಲುಗಾಡಬಾರದು ಅಂತ. ಅಲ್ವಾ?”

“ಹೂಂ.”

“ಹಾಗಾದ್ರೆ ಕಂಪ್ಯೂಟರಲ್ಲಿ ಯಾಕೆ ಇಡ್ತೀರ? ಕರೆಂಟು ಹೋದ್ರೆ ಅದೂ ಹೋಯ್ತು. ಪ್ರಿಂಟ್ ತೆಗೆದು ಚೌಕಟ್ಟು ಹಾಕಿಸಿ ಗೋಡೆಗೆ ಹಾಕೋಣ. ಅದು ನೀವು ರಿಟೈರಾದ್ರೂ ಅಲುಗಾಡಲ್ಲ.”

ಅವರು ನನ್ನನ್ನು ನೋಡಿದರು. ಪರದೆಯನ್ನು ನೋಡಿದರು. ಗೋಡೆ ನೋಡಿದರು. ಅವರ ಮುಖದಲ್ಲಿ ಮೂಡಿದ ಶಾಂತಿಯನ್ನು ನಾನು ಸಂತರ ಪಟಗಳಲ್ಲಷ್ಟೇ ಕಂಡಿದ್ದೆ.

“ಇದನ್ನ ಮೊದಲೇ ಹೇಳೋದಲ್ವೇನಮ್ಮ!”

ಮುದ್ರಣ ಯಂತ್ರ ಹದಿನೇಳನ್ನು ಬಣ್ಣದಲ್ಲಿ ಹೊರಗೆ ಕಕ್ಕಿತು. ಪ್ರಶಸ್ತಿ ಪತ್ರ ಹೊರಗೆ ಬಂದು ಹದಿನೇಳು ಒಳಗೆ ಹೋಯಿತು. ಮೊಳೆಯ ಕೆಳಗೆ ನಿಂತು ಅದು ನೆಟ್ಟಗಿದೆಯೇ ಎಂದು ಎಡಕ್ಕೂ ಬಲಕ್ಕೂ ವಾಲಿ ನೋಡಿ, ಆಮೇಲೆ ಅವರೇ ಕಿಟಕಿ ಮುಚ್ಚಿದರು. ಸುದ್ದಿ ಹಬ್ಬಿ ಅಕೌಂಟೆಂಟೂ ವ್ಯಾನಿನವನೂ ಪ್ರಿಂಟರಿನ ಮುಂದೆ ಸಾಲುಗಟ್ಟಿದರು. ಅವರವರ ಅಂಕಿ ಅವರವರ ಗೋಡೆಗೆ ಹೋಯಿತು, ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಇನ್ನು ಮುಂದೆ ಯಾರೇ ಕಿಟಕಿ ತೆರೆದು ಮಲಗಿದರೂ ಸ್ವಲ್ಪ ಹೊತ್ತಿಗೆ ತಾನಾಗಿ ಮುಚ್ಚುವಂತೆ ನಾನೂ ಒಂದು ಸಾಲು ಬರೆದಿಟ್ಟೆ. ಅದನ್ನು ಯಾರಿಗೂ ಹೇಳುವ ಅಗತ್ಯ ಕಾಣಲಿಲ್ಲ.

ಇಸ್ತ್ರಿ ಅಕ್ಕ ಕೆಳಗೆ ಚಪ್ಪಾಳೆ ತಟ್ಟಿದಳು. “ಎಲ್ರೂ ಟೀ ಕುಡೀರಿ. ಯಾರಾದ್ರೂ ಸ್ಕ್ಯಾನರ್ ಮುಟ್ಟಿದ್ರೆ ಕೈ ಇಸ್ತ್ರಿ ಮಾಡ್ತೀನಿ.”

ಗುಡಿಸುವವ ಬಂದ. ಈ ಸಲ ಅವನಿಗೆ ಯಾರ ಮುಲಾಜೂ ಇರಲಿಲ್ಲ. ಬರೀ ಗುಡಿಸುವುದಲ್ಲ, ಇಡೀ ಕೋಣೆಯನ್ನು ಖಾಲಿ ಮಾಡಿ, ಬದುಕಿದ್ದವುಗಳನ್ನಷ್ಟೇ ಒತ್ತೊತ್ತಾಗಿ ಜೋಡಿಸು ಎಂದು ಹೇಳಿದೆ. ಪರದೆಯ ಮುಂದೆ ಕೂತು ನೋಡುತ್ತಿದ್ದೆ. ಡಿಸ್ಕಿನ ಕೆಂಪು ಪಟ್ಟಿ ಜ್ವರ ಇಳಿದಂತೆ ಇಳಿಯಿತು, ಹಳದಿಯಾಯಿತು, ಹಸಿರಾಯಿತು. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅಳು ಬಂದದ್ದು ಅದೊಂದೇ ಸಲ. ಬಂದದ್ದೂ ಪೂರ್ತಿ ಬರುವಷ್ಟರಲ್ಲಿ ಕರವಸ್ತ್ರ ಹಿಡಿದುಕೊಂಡು ಮ್ಯಾನೇಜರರು ಬಂದರು.

ಅಂಗಳದಲ್ಲಿ ಎಲ್ಲರೂ ಸುತ್ತ ನಿಂತರು. ಅವರು ಕರವಸ್ತ್ರವನ್ನು ಸ್ಕ್ಯಾನರಿನ ಕೆಳಗೆ ಹಿಡಿದು ಉಸಿರೆಳೆದುಕೊಂಡರು.

“ಒ—”

‘ಟಿಂಯ್.’

ಇಸ್ತ್ರಿ ಅಕ್ಕ ಸಿಳ್ಳೆ ಹಾಕಿದಳು. ಮ್ಯಾನೇಜರರು ‘ಂದು’ವನ್ನು ಬಾಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ನಂತರ ನನ್ನನ್ನು ಪಕ್ಕಕ್ಕೆ ಕರೆದರು.

“ಭೇಷ್. ಆದ್ರೆ ಈಗ ನೀನು ನಾಳೆ ಇಲ್ಲಿರೋದೇ ಒಳ್ಳೇದಲ್ವಾ? ಯಜಮಾನರು ಏನಾದ್ರೂ ಕೇಳಿದ್ರೆ?”

“ಸರ್, ಸರಿ ಮಾಡು, ಧಾರಾಳವಾಗಿ ಹೋಗು ಅಂದ್ರಿ.”

“ಅಂದೆ.”

“ಈಗ ಸರಿ ಇದೆ.”

“ಅದೇ ನಾನು ಹೇಳೋದು. ಸರಿ ಇದೆ ಅಂದ್ಮೇಲೆ ನಿನಗೇನು ಆಯಾಸ? ರಜ ಯಾಕೆ?”

ನಾನು ಮೇಲೆ ಹೋಗಿ ಚೀಲ ತೆಗೆದುಕೊಂಡೆ, ಸರ್ವರಿನ ಮುಂದಿನ ಫ್ಯಾನು ಆರಿಸಿದೆ, ಕೆಳಗಿಳಿದು ಬಂದೆ. ಅವರು ಇನ್ನೂ ಅಲ್ಲೇ ಇದ್ದರು.

“ಕೋಪ ಮಾಡ್ಕೊಂಡ್ಯಾ?”

“ಇಲ್ಲ ಸರ್. ಮಗಳ ಬಟ್ಟೆ ಚೀಲಕ್ಕೆ ತುಂಬಬೇಕು.”

“ಫೋನ್ ಆದ್ರೂ ಆನ್ ಇಟ್ಕೊ!” ಎಂದು ಕೂಗಿದ್ದು ಗೇಟಿನವರೆಗೂ ಕೇಳಿಸಿತು. ಅದನ್ನೇ ರಜೆ ಮಂಜೂರಾತಿ ಎಂದು ತಿಳಿದುಕೊಂಡೆ.

ಗುರುವಾರ ಬೆಳಿಗ್ಗೆ ಮಗಳು ನನ್ನ ಬೆರಳು ಹಿಡಿದುಕೊಂಡು ಒಳಗಿನ ಬಾಗಿಲ ತನಕ ನಡೆದಳು. ಅಲ್ಲಿ ಹಸಿರು ಟೊಪ್ಪಿಯ ಡಾಕ್ಟರು ಬಗ್ಗಿ ಅವಳ ಹೆಸರು ಕೇಳಿದರು. ಅವಳು ಹೆಸರು ಹೇಳುವುದರ ಬದಲು, “ನಮ್ಮಜ್ಜಿ ಹೊರಗೇ ಇರ್ತಾರೆ, ಹೆದರ್ಕೋಬೇಡಿ,” ಎಂದಳು. ಬಾಗಿಲು ಮುಚ್ಚಿತು. ಅತ್ತೆ ಬೆಂಚಿನ ಮೇಲೆ ಕೂತು, ಡಾಕ್ಟರು ವಯಸ್ಸಿನಲ್ಲಿ ಬಹಳ ಚಿಕ್ಕವನೆಂದೂ ಅವನ ಕೈ ನಡುಗುವುದಿಲ್ಲವೆಂದು ಏನು ಖಾತ್ರಿಯೆಂದೂ ಗೋಡೆಗೆ ಹೇಳತೊಡಗಿದರು.

ಮಗಳನ್ನು ವಾರ್ಡಿಗೆ ತಂದು ಮಲಗಿಸಿದ ಸ್ವಲ್ಪ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಕಾರಿಡಾರಿಗೆ ಬಂದು ಎತ್ತಿದೆ.

“ಯಜಮಾನರು ಬಂದು ಹೋದ್ರಮ್ಮ. ಗೋಡೆ ನೋಡಿ ಬಹಳ ಖುಷಿಪಟ್ರು.” ಮ್ಯಾನೇಜರರು ದನಿ ತಗ್ಗಿಸಿದರು. “ಒಂದೇ ಒಂದು ಮಾತು ಕೇಳಿದ್ರು. ಪ್ರಿಂಟಿನ ಮೂಲೆಯಲ್ಲಿ ಆ ಹಳೇ ತಾರೀಖು ಬಂದುಬಿಟ್ಟಿದೆ ನೋಡು. ಅಂಕಿ ಹಾಗೇ ಇರ್ಲಿ. ತಾರೀಖು ಮಾತ್ರ ದಿನಾ ಬದಲಾಗ್ತಾ ಇರೋ ಹಾಗೆ ಏನಾದ್ರೂ ಮಾಡೋಕಾಗುತ್ತಾ?”

“ಮೂಲೆ ಮೇಲೆ ಒಂದು ಕ್ಯಾಲೆಂಡರ್ ಅಂಟಿಸಿ ಸರ್.”

“ದಿನಾ ಹರಿಯೋ ಅಂಥದ್ದಾ?” ಎಂದರು ಅವರು, ಬೆರಗಿನಿಂದ. “ಇರು, ಅಕೌಂಟೆಂಟನ್ನ ಕೇಳಿ ಮತ್ತೆ ಮಾಡ್ತೀನಿ.”

ನಾನು ಒಳಗೆ ಬರುವಷ್ಟರಲ್ಲಿ ಮಗಳು ಕಣ್ಣು ಬಿಟ್ಟಿದ್ದಳು. ಎಡಗಣ್ಣು ಕೆಂಪಗೆ ಊದಿಕೊಂಡಿತ್ತು, ಆದರೆ ಮೂಗಿನ ಕಡೆಗೆ ಹೋಗಿರಲಿಲ್ಲ. ಬಲಗಣ್ಣಿನ ಪಕ್ಕದಲ್ಲಿ ನೆಟ್ಟಗೆ, ಹೊಸದಾಗಿ ಶಾಲೆಗೆ ಸೇರಿದ ಮಗುವಿನಂತೆ ಕೂತಿತ್ತು. ಎರಡೂ ಕಣ್ಣು ನನ್ನನ್ನು ನೋಡಿದವು. ಅವಳ ಹುಬ್ಬು ಗಂಟಿಕ್ಕಿತು.

“ಅಮ್ಮ, ನೀನು ಇಬ್ರು ಇದ್ದೀಯ.”

ಹೊದಿಕೆ ಸರಿ ಮಾಡುತ್ತಿದ್ದ ನರ್ಸು ನಕ್ಕಳು. “ಇಷ್ಟು ದಿನ ಸುಮ್ನಿದ್ದ ಕಣ್ಣು ಈಗ ಕೆಲಸ ಶುರು ಮಾಡಿದೆ, ಅದಕ್ಕೆ. ಎರಡಕ್ಕೂ ಇನ್ನೂ ಹೊಂದಾಣಿಕೆ ಇಲ್ಲ. ಕೆಲವು ದಿನ ಎರಡೆರಡು ಕಾಣುತ್ತೆ, ಆಮೇಲೆ ಒಂದಾಗುತ್ತೆ. ಒಳ್ಳೇ ಲಕ್ಷಣಾನೇ.”

“ಅಜ್ಜಿನೂ ಇಬ್ರಾ?” ಎಂದರು ಅತ್ತೆ ಬಗ್ಗಿ.

ಮಗಳು ಆ ಕಡೆ ನೋಡಿ ತಕ್ಷಣ ಕಣ್ಣು ಮುಚ್ಚಿಕೊಂಡಳು. ನರ್ಸು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಹೋದಳು.

ನನ್ನ ಕೈಯಲ್ಲಿ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಆಫೀಸು. ಮಗಳು ಕಣ್ಣು ತೆರೆದಳು. ಒಮ್ಮೆ ನನ್ನನ್ನು, ಒಮ್ಮೆ ನನ್ನ ಪಕ್ಕದ ಖಾಲಿ ಜಾಗವನ್ನು, ಯಾರನ್ನು ಆರಿಸಲಿ ಎನ್ನುವಂತೆ ಬಹಳ ಹೊತ್ತು ನೋಡಿದಳು.

“ಆ ಕಡೆಯವಳನ್ನ ಆಫೀಸಿಗೆ ಕಳ್ಸು,” ಎಂದಳು. “ಈ ಕಡೆಯವಳು ಇಲ್ಲೇ ಇರ್ಲಿ.”

ಮಂಚದ ಆಚೆ ಬದಿಗೆ ಒಂದು ಪ್ಲಾಸ್ಟಿಕ್ ಕುರ್ಚಿಯಿತ್ತು. ಕೂಗುತ್ತಿದ್ದ ಫೋನನ್ನು ಅದರ ಮೇಲಿಟ್ಟು, ಬೇಕಾದರೆ ಆ ಕಡೆಯವಳು ಎತ್ತಿಕೊಳ್ಳಲಿ ಎಂದು, ನಾನು ಮಗಳ ಪಕ್ಕದಲ್ಲಿ ಕಾಲು ಮಡಚಿ ಕೂತೆ.